ಅಪ್ಪ ಚುಚ್ಚಿದ್ದು, ನಾನು ಹೊಲಿಸಿದ್ದು

ನಮ್ಮಪ್ಪ ಕಿವಿ ಚುಚ್ಚುತ್ತಿದ್ದರು. ನಾನು ಹರಿದ ಕಿವಿ ಹೊಲಿಯುವ ಡಾಕ್ಟರ ಪಕ್ಕದಲ್ಲಿ ನಿಂತು ಮೂವತ್ತೊಂದು ವರ್ಷ ಕತ್ತರಿ, ದಾರ, ಹತ್ತಿ ಎತ್ತಿಕೊಟ್ಟೆ. ಅಪ್ಪ ತೂತು ಮಾಡಿ ಅನ್ನ ತಿಂದರು, ಅಕ್ಕ ತೂತು ಮುಚ್ಚಿ ಅನ್ನ ತಿಂದಳು ಅಂತ ನನ್ನ ತಮ್ಮ ಈಗಲೂ ನೆಂಟರ ಮುಂದೆ ಗೇಲಿ ಮಾಡುತ್ತಾನೆ.

ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮ ಮನೆ. ಜಗಲಿಯೇ ಅಂಗಡಿ. ಅಗ್ಗಿಷ್ಟಿಕೆ, ಊದುಗೊಳವೆ, ಚಿಮುಟ, ಗಾಜಿನ ಪೆಟ್ಟಿಗೆಯೊಳಗೆ ಸಣ್ಣ ತಕ್ಕಡಿ, ಹಿತ್ತಾಳೆ ಡಬ್ಬಿಯ ತುಂಬ ಕಪ್ಪು ಮೂತಿಯ ಗುಲಗಂಜಿ. ಕಿವಿ ಚುಚ್ಚುವ ದಿನ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಿದ್ದರು. ತಟ್ಟೆಯಲ್ಲಿ ತೆಂಗಿನಕಾಯಿ, ಬೆಲ್ಲ, ಬಾಳೆಹಣ್ಣು, ವೀಳ್ಯದೆಲೆಯ ಮೇಲೆ ಅಪ್ಪನ ದಕ್ಷಿಣೆ. ಅಪ್ಪ ಕಿವಿಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಗಿನ ಬಿಸಿಲಿಗೆ ತಿರುಗಿಸುತ್ತಿದ್ದರು. ಎಳೆ ಕಿವಿ ಹಣತೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ನರ ಎಲ್ಲಿ ಹಾದಿದೆ ಅಂತ ನೋಡಿ, ಅದನ್ನು ತಪ್ಪಿಸಿ, ಕಡ್ಡಿಯಲ್ಲಿ ಕುಂಕುಮದ ಚುಕ್ಕಿ ಇಡುತ್ತಿದ್ದರು. ಅಪರಂಜಿ ತಂತಿ; ಅದರ ಒಂದು ತುದಿಯನ್ನು ಅರದಿಂದ ಉಜ್ಜಿ ಸೂಜಿ ಮಾಡಿರುತ್ತಿದ್ದರು. ಅದನ್ನೇ ತೂರಿಸಿ, ಅದನ್ನೇ ಬಗ್ಗಿಸಿ, ಚಿಮುಟದಲ್ಲಿ ತುದಿ ಸುತ್ತಿ ಬಿಟ್ಟರೆ ಕೆಲಸ ಮುಗಿಯಿತು. ಚುಚ್ಚಿದ ಸೂಜಿಯೇ ಮಗುವಿನ ಮೊದಲ ಒಡವೆ. "ಇರುವೆ ಕಚ್ಚಿದಷ್ಟೇ ಕಂದ, ಚಿಕ್ಕದು" ಅನ್ನುತ್ತಿದ್ದರು. ಮಗು ಕಿಟಾರೆಂದು ಕಿರುಚಿದಾಗ ಅಕ್ಕಪಕ್ಕದವರೆಲ್ಲ ನಗುತ್ತಿದ್ದರು, ಮಾವ ಬೆಲ್ಲ ಬಾಯಿಗಿಡುತ್ತಿದ್ದ.

1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಚಿನ್ನದ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದು ಅಂತ. ನಾನಾಗ ಎರಡು ವರ್ಷದ ಕೂಸು. ನಮ್ಮ ಬೀದಿಯ ಅಕ್ಕಸಾಲಿಗರಲ್ಲಿ ಒಬ್ಬರು ಬೀಡಿ ಅಂಗಡಿ ಇಟ್ಟರು, ಒಬ್ಬರು ಸಕ್ಕರೆ ಕಾರ್ಖಾನೆಗೆ ಕೂಲಿಗೆ ಹೋದರು. ಅಪ್ಪನ ಅಗ್ಗಿಷ್ಟಿಕೆ ಎಷ್ಟೋ ದಿನ ಹೊತ್ತಲೇ ಇಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಆಗ ಮನೆಗೆ ಅಕ್ಕಿ ತಂದದ್ದು ಕಿವಿ ಚುಚ್ಚುವ ದಕ್ಷಿಣೆ. ಒಡವೆಗೆ ಕಾನೂನು ಬಂದರೂ ತೂತಿಗೆ ಬರಲಿಲ್ಲವಲ್ಲ. ನಿಯಂತ್ರಣದ ಕಾಯ್ದೆಯನ್ನು ಸರ್ಕಾರ 1990ರಲ್ಲಿ ತೆಗೆದುಹಾಕಿತು. ಅಷ್ಟರಲ್ಲಿ ನಮ್ಮ ಜಗಲಿಯ ಕಸುಬೂ ಮುಗಿದಿತ್ತು.

ಕಿವಿಯೊಂದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಈಗಿನ ಹುಡುಗಿಯರು ಕೇಳುತ್ತಾರೆ. ಓಲೆ ಅನ್ನುವ ಮಾತನ್ನೇ ನೋಡಿ. ತಾಳೆಗರಿಗೂ ಓಲೆ, ಬರೆದು ಕಳಿಸಿದ ಕಾಗದಕ್ಕೂ ಓಲೆ, ಹೆಂಗಸಿನ ಕಿವಿಯಲ್ಲಿರುವುದಕ್ಕೂ ಓಲೆ. ಗರಿಯನ್ನು ಸುರುಳಿ ಸುತ್ತಿ ತೂತಿಗೆ ಸಿಕ್ಕಿಸುತ್ತಿದ್ದ ಕಾಲದ ಹೆಸರು ಅದು. ಸುರುಳಿ ಬಿಚ್ಚಿಕೊಳ್ಳಲು ನೋಡುತ್ತದೆ, ತೂತನ್ನು ಅಗಲ ಮಾಡುತ್ತದೆ. ಚಿನ್ನ ಬಂದು ಗರಿಯ ಜಾಗದಲ್ಲಿ ಕೂತರೂ ಹೆಸರು ಬದಲಾಗಲಿಲ್ಲ. ಗೌರಿ ಹಬ್ಬದ ಬಾಗಿನದ ಮೊರದಲ್ಲಿ ಬಳೆಯ ಜೊತೆ ಬಿಚ್ಚೋಲೆ ಇಡುತ್ತೇವಲ್ಲ, ಅದು ಆ ಗರಿಯ ನೆನಪು. ಮುತ್ತೈದೆತನಕ್ಕೆ ನಮ್ಮಲ್ಲಿ ಓಲೆಭಾಗ್ಯ ಅಂತಲೇ ಹೆಸರು. ಗಂಡ ಇರುವ ತನಕ ಕಿವಿ ಬರಿದಾಗಬಾರದು, ಗಂಡ ಹೋದ ಮೇಲೆ ಕಿವಿ ತುಂಬಬಾರದು. ಹೆಂಗಸಿನ ಲೆಕ್ಕವನ್ನು ಊರು ಅವಳ ಕಿವಿಯಲ್ಲಿ ಓದುತ್ತಿತ್ತು.

ನಮ್ಮಜ್ಜಿಯ ಕಿವಿ ನನಗೆ ಚೆನ್ನಾಗಿ ನೆನಪಿದೆ. ಮೇಲ್ಗಡೆ ಬುಗುಡಿ, ಹಾಲೆಯಲ್ಲಿ ಏಳು ಕಲ್ಲಿನ ಓಲೆ, ಓಲೆಯ ಕೆಳಗೆ ಜುಮಕಿ. ಭಾರ ತಡೆಯಲಿ ಅಂತ ಕಿವಿಯಿಂದ ಕೂದಲಿಗೆ ಸಿಕ್ಕಿಸಿದ ಮಾಟಿ. ಅಷ್ಟಾದರೂ ತೂತು ವರ್ಷದಿಂದ ವರ್ಷಕ್ಕೆ ಕೆಳಗಿಳಿದು, ಹುಣಿಸೆ ಬೀಜ ತೂರುವಷ್ಟು ಉದ್ದವಾಗಿ, ಕೊನೆಗೆ ಕೂದಲೆಳೆಯಷ್ಟು ಚರ್ಮದ ಮೇಲೆ ಓಲೆ ನಿಂತಿತ್ತು. ನನ್ನ ತಮ್ಮ ಕೂಸಾಗಿದ್ದಾಗ ಅಜ್ಜಿಯ ಜುಮಕಿಗೆ ಕೈ ಹಾಕಿ ಎಳೆದ. ರಕ್ತ ಏನೂ ಹೆಚ್ಚು ಬರಲಿಲ್ಲ. ಆದರೆ ಹಾಲೆ ಎರಡು ಸೀಳಾಗಿ ಹಲ್ಲಿಯ ಬಾಯಿಯ ಹಾಗೆ ನಿಂತಿತು. ಅಜ್ಜಿ ಮರುದಿನವೇ ಓಲೆಯನ್ನು ಕರಿದಾರದಲ್ಲಿ ಪೋಣಿಸಿ ಕಿವಿಯ ಸುತ್ತ ಕಟ್ಟಿಕೊಂಡರು. ತಾತ ಬದುಕಿದ್ದರಲ್ಲ.

ಶ್ರವಣಬೆಳಗೊಳಕ್ಕೆ ಶಾಲೆಯಿಂದ ಪ್ರವಾಸ ಹೋದಾಗ ನಾನು ನೋಡಿದ್ದು ಬಾಹುಬಲಿಯ ಕಿವಿಯನ್ನೇ. ಚಾವುಂಡರಾಯ ಮಾಡಿಸಿದ 58 ಅಡಿಯ ಆ ಮೂರ್ತಿಗೆ ಮೈಮೇಲೆ ಒಂದು ನೂಲೂ ಇಲ್ಲ, ಆದರೆ ಕಿವಿ ಹೆಗಲಿಗೆ ಇಳಿದಿದೆ. ಮಹಾಪುರುಷರ ಲಕ್ಷಣ ಅದು ಅಂತ ಮೇಷ್ಟರು ಹೇಳಿದರು. ಇರಬಹುದು. ಅಕ್ಕಸಾಲಿಗನ ಮಗಳಿಗೆ ಮಾತ್ರ ಅದು ಭಾರದ ಕುಂಡಲ ತೆಗೆದಿಟ್ಟು ಹೊರಟ ಅರಸುಮಗನ ಕಿವಿಯ ಹಾಗೇ ಕಂಡಿತು. ಬೇಲೂರಿನ ದರ್ಪಣ ಸುಂದರಿಯ ಕಿವಿಯನ್ನೂ ಹೀಗೇ ನೋಡಿದ್ದೇನೆ. ಎಲ್ಲರೂ ಅವಳ ಕನ್ನಡಿ ನೋಡುತ್ತಾರೆ.

1984ರಲ್ಲಿ ನರ್ಸಿಂಗ್ ಮುಗಿಸಿ ಮೈಸೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿದೆ. ವಾರಕ್ಕೆ ಎರಡು ದಿನ ಪ್ಲಾಸ್ಟಿಕ್ ಸರ್ಜನ್ ಬರುತ್ತಿದ್ದರು. ಸುಟ್ಟ ಕೈ, ಸೀಳುತುಟಿ, ಅಪಘಾತದ ಮುಖ ಎಲ್ಲ ದೊಡ್ಡ ಓಟಿಯಲ್ಲಿ. ಮೈನರ್ ಓಟಿ ಅಂತ ಒಂದು ಸಣ್ಣ ಕೋಣೆ ಇತ್ತು, ಅದು ನನ್ನದು. ಅಲ್ಲಿ ಬರುತ್ತಿದ್ದವರಲ್ಲಿ ಮುಕ್ಕಾಲುಪಾಲು ಹೆಂಗಸರು, ಅವರಲ್ಲಿ ಹೆಚ್ಚಿನವರು ಕಿವಿಯವರು. ಡಾಕ್ಟರು ಈಗ ಮಿನಿಮಲಿ ಇನ್ವೇಸಿವ್ ಅನ್ನುವುದಕ್ಕೆ ನಮ್ಮ ಹೆಂಗಸರು ಆಗಲೇ ಒಂದು ಮಾತು ಇಟ್ಟಿದ್ದರು. ಒಳಗೆ ಕಾಲಿಡುವಾಗಲೇ ಕೇಳುತ್ತಿದ್ದರು: "ಚಿಕ್ಕದು ತಾನೇ ಸಿಸ್ಟ್ರೇ?"

ಚಿಕ್ಕದೇ. ಮಲಗಿಸಿ, ತಲೆ ಓರೆ ಮಾಡಿಸಿ, ಕಿವಿಯ ಸುತ್ತ ಹಸಿರು ಬಟ್ಟೆ ಹಾಸುವುದು. 26 ನಂಬರಿನ ಸೂಜಿಯಲ್ಲಿ ಲಿಗ್ನೊಕೇನ್. ಹಾಲೆ ಬೆಳ್ಳಗಾಗಿ ಉಬ್ಬುತ್ತದೆ. ಆಮೇಲೆ ಜನ ಅಂದುಕೊಳ್ಳದ ಕೆಲಸ ಒಂದಿದೆ. ಹರಿದ ಎರಡು ತುದಿಯನ್ನೂ ಹಾಗೇ ಸೇರಿಸಿ ಹೊಲಿದರೆ ಜನ್ಮದಲ್ಲಿ ಕೂಡುವುದಿಲ್ಲ, ಯಾಕೆಂದರೆ ಎರಡಕ್ಕೂ ತನ್ನದೇ ಚರ್ಮ ಬೆಳೆದು ವಾಸಿಯಾಗಿಬಿಟ್ಟಿರುತ್ತದೆ. ಆ ಹಳೆ ಚರ್ಮವನ್ನು ಕೆತ್ತಿ ತೆಗೆದು ಮತ್ತೆ ಹಸಿ ಗಾಯ ಮಾಡಬೇಕು. ಆಮೇಲೆ ಕೂದಲಿನಂಥ ಸಿಕ್ಸ್ ಝೀರೋ ದಾರದಲ್ಲಿ ಮುಂದೆ ಮೂರೋ ನಾಲ್ಕೋ, ಹಿಂದೆ ಎರಡು ಹೊಲಿಗೆ. ಕೆಳ ಅಂಚಿನಲ್ಲಿ ಡಾಕ್ಟರು ಒಂದಿಷ್ಟು ಸೊಟ್ಟಗೆ ಕತ್ತರಿಸುತ್ತಿದ್ದರು. ನೇರ ಹೊಲಿದರೆ ವಾಸಿಯಾಗುವಾಗ ಎಳೆದುಕೊಂಡು ಅಂಚಿನಲ್ಲಿ ಗುಳಿ ಬೀಳುತ್ತದೆ. ಅರ್ಧ ಗಂಟೆ. ವಾರ ಕಳೆದು ಹೊಲಿಗೆ ಬಿಚ್ಚುವುದು, ಎರಡು ಮೂರು ತಿಂಗಳು ಬಿಟ್ಟು ಹೊಸದಾಗಿ ಚುಚ್ಚುವುದು, ಹಳೆ ಗಾಯದ ಗೆರೆಯ ಮೇಲಲ್ಲ, ಪಕ್ಕದಲ್ಲಿ.

ಆಯುರ್ವೇದ ಓದಿದ್ದ ಒಬ್ಬ ಯುವ ಡಾಕ್ಟರು ಒಂದು ದಿನ ನಮ್ಮ ಓಟಿಗೆ ನೋಡಲು ಬಂದರು. ಡಾಕ್ಟರು ತುದಿ ಕೆತ್ತುತ್ತಿದ್ದಾಗ ಅವರು ನಕ್ಕು, ಇದೆಲ್ಲ ಸುಶ್ರುತ ಸಂಹಿತೆಯಲ್ಲಿದೆ ಅಂದರು. ಊಟದ ಹೊತ್ತಿನಲ್ಲಿ ಕೂತು ವಿವರಿಸಿದರು. ಸೂತ್ರಸ್ಥಾನದ 16ನೆಯ ಅಧ್ಯಾಯದ ಬಹುಪಾಲು ಕಿವಿಯದೇ. ಮಗುವಿಗೆ ಆರೋ ಏಳೋ ತಿಂಗಳಾದಾಗ, ಶುಕ್ಲಪಕ್ಷದಲ್ಲಿ, ಮಡಿಲಲ್ಲಿ ಕೂರಿಸಿಕೊಂಡು, ಆಟದ ಸಾಮಾನು ತೋರಿಸಿ ಮರೆಸುತ್ತ ಚುಚ್ಚಬೇಕು. ಗಂಡಿಗೆ ಮೊದಲು ಬಲಗಿವಿ, ಹೆಣ್ಣಿಗೆ ಎಡಗಿವಿ. ಎಲ್ಲಿ ಚುಚ್ಚಬೇಕು? ಬಿಸಿಲು ತೂರಿ ಬರುವ ಜಾಗದಲ್ಲಿ. ನನಗೆ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಸಂಸ್ಕೃತದ ಒಂದಕ್ಷರ ಬಾರದ ನಮ್ಮಪ್ಪ ಕಿವಿಯನ್ನು ಬಿಸಿಲಿಗೆ ಹಿಡಿಯುತ್ತಿದ್ದದ್ದು ಕಣ್ಣಿಗೆ ಬಂತು.

ಚುಚ್ಚುವುದರ ಬೆನ್ನಿಗೇ, ಅದೇ ಅಧ್ಯಾಯದಲ್ಲಿ, ಹರಿದದ್ದನ್ನು ಸೇರಿಸುವ 15 ಬಗೆಗಳಿವೆಯಂತೆ. ತೂತನ್ನು ಬತ್ತಿ ಇಟ್ಟು ದೊಡ್ಡದು ಮಾಡುತ್ತ ಹೋದರೆ ಒಂದು ದಿನ ಹಾಲೆ ಸೀಳುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಹಾಲೆ ಸಾಲದಿದ್ದರೆ ಕೆನ್ನೆಯ ಚರ್ಮ ತಂದು ಕಿವಿ ಕಟ್ಟುವುದೂ ಇದೆ. ತುದಿಗಳನ್ನು ಕೆತ್ತಬೇಕು, ರಕ್ತ ನೋಡಬೇಕು, ಸೇರಿಸಿ ಜೇನು ತುಪ್ಪ ಬಳಿದು ಹತ್ತಿ ಇಟ್ಟು ಕಟ್ಟಬೇಕು. ಆಮೇಲೆ ಪಥ್ಯ: ಉಜ್ಜಬಾರದು, ಹಗಲು ಮಲಗಬಾರದು, ಹೊಟ್ಟೆಬಿರಿಯ ಉಣ್ಣಬಾರದು, ಬೆಂಕಿಯ ಹತ್ತಿರ ಹೋಗಬಾರದು, ಹೆಚ್ಚು ಮಾತಾಡಬಾರದು. ಈ ಕೊನೆಯ ಎರಡನ್ನು ಕೇಳಿ ನಾನೂ ಆಯಾಳೂ ಬಿದ್ದು ಬಿದ್ದು ನಕ್ಕೆವು. ಒಲೆಯ ಮುಂದೆ ಹೋಗದೆ, ಮಾತಾಡದೆ ಹತ್ತು ದಿನ ಕೂರುವ ಹೆಂಗಸು ಯಾವ ಊರಿನಲ್ಲಿದ್ದಾಳೆ? ಸುಶ್ರುತರ ರೋಗಿಗಳು ಗಂಡಸರೇ ಇರಬೇಕು ಅಂದಳು ಆಯಾ.

ಇಷ್ಟು ಹಳೆಯ ಕಸುಬಿಗೆ ಚರಿತ್ರೆಯಲ್ಲಿ ಜಾಗವೇ ಸಿಕ್ಕಿಲ್ಲ ಅನ್ನುವುದು ನನ್ನ ತಕರಾರು. ಪ್ಲಾಸ್ಟಿಕ್ ಸರ್ಜರಿಯ ಇತಿಹಾಸ ಹೇಳುವವರೆಲ್ಲ ಮೂಗಿನಿಂದ ಶುರುಮಾಡುತ್ತಾರೆ, ಅದೂ ನಮ್ಮೂರಿನ ಹೆಸರು ಬರುವ ಒಂದು ಮೂಗಿನಿಂದ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿದ. ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಹತ್ತಿರ ಬೊಂಬಾಯಿ ಸೇನೆಯನ್ನು ಬಂದು ಸೇರಿಕೊಂಡ. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯ ಒಬ್ಬ ಮನುಷ್ಯ ಹಣೆಯ ಚರ್ಮವನ್ನು ಕೆಳಗೆ ಮಗುಚಿ ಅವನಿಗೆ ಹೊಸ ಮೂಗು ಕಟ್ಟಿದ. ಅದರ ವರದಿ, ಅವನ ಚಿತ್ರದ ಸಮೇತ, 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಅದನ್ನು ಹಿಡಿದು ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲೇ ಮಾಡಿ ನೋಡಿ, 1816ರಲ್ಲಿ ಪುಸ್ತಕ ಬರೆದ. ನಮ್ಮ ಡಾಕ್ಟರ ಕೋಣೆಯ ಗೋಡೆಯಲ್ಲಿ ಆ ಚಿತ್ರಕ್ಕೆ ಗಾಜು ಹಾಕಿಸಿದ್ದರು. ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಕೋಟೆಯೊಳಗೆ ಕರಿದಾರದಲ್ಲಿ ಓಲೆ ಕಟ್ಟಿಕೊಂಡು ಓಡಾಡಿದ ನಮ್ಮಜ್ಜಿಯಂಥವರ ಚಿತ್ರ ಯಾರ ಗೋಡೆಯಲ್ಲೂ ಇಲ್ಲ.

ಮೈನರ್ ಓಟಿಯ ರಿಜಿಸ್ಟರ್ ನಾನು ಬರೆಯುತ್ತಿದ್ದೆ. ಹೆಸರು, ವಯಸ್ಸು, ಊರು, ತೊಂದರೆ. ತೊಂದರೆಯ ಕಾಲಂನಲ್ಲಿ ಎಲ್ಲರದ್ದೂ ಒಂದೇ: ಕಿವಿ ಹರಿದಿದೆ. ಹರಿದು ಹತ್ತು ವರ್ಷವಾಗಿದೆ ತಾಯಿ, ಈಗ ಯಾಕೆ ಬಂದೆ ಅಂತ ಕೇಳಿದರೆ ಮೊದಲು ಬರುವುದು ನೇರ ಉತ್ತರವಲ್ಲ. ಮಗಳ ಮದುವೆ ಇದೆ. ನಾದಿನಿ ಹೇಳಿದಳು. ಹೀಗೇ ಪೇಟೆಗೆ ಬಂದಿದ್ದೆ. ಅರಿವಳಿಕೆಯ ಸೂಜಿ ಒಳಗೆ ಹೋಗಿ, ಮುಖದ ಮೇಲೆ ಬಟ್ಟೆ ಬಿದ್ದ ಮೇಲೆ ಮಾತು ಬರುತ್ತಿತ್ತು. ಯಾರ ಮುಖವೂ ಕಾಣುವುದಿಲ್ಲವಲ್ಲ. "ತಾಳಿ ಕಟ್ಟುವಾಗ ಅಮ್ಮ ಪಕ್ಕ ನಿಂತಿರ್ಬೇಕು, ಫೋಟೋದಲ್ಲಿ ಹರಕು ಕಿವಿ ಬತ್ತದೆ ಕಣ್ ಸಿಸ್ಟ್ರೇ. ನಮ್ ಬೀಗರು ಮೊದ್ಲೇ ಆಡ್ಕೊಳೋ ಜನ" ಅಂದಳು ಮದ್ದೂರಿನ ಕಡೆಯವಳೊಬ್ಬಳು. ಇನ್ನೊಬ್ಬಳ ಕಿವಿ ತಾನಾಗಿ ಹರಿದದ್ದಲ್ಲ, ಗಂಡ ಕಿತ್ತದ್ದು. ಓಲೆ ಅಡವಿಟ್ಟು ಕುಡಿದದ್ದೂ ಆಯಿತು, ಅವನು ಸತ್ತದ್ದೂ ಆಯಿತು. "ಆ ಗುರ್ತು ಹೋಗ್ಲಿ ಅಂತ" ಅಂದಳು, ಅಷ್ಟೇ. ರಿಜಿಸ್ಟರಿನಲ್ಲಿ ಅವಳದ್ದೂ ಕಿವಿ ಹರಿದಿದೆ.

ದುಡ್ಡು ಯಾವಾಗಲೂ ಸೀರೆಯ ಸೆರಗಿನ ಗಂಟಿನಿಂದಲೋ ಪರ್ಸಿನ ಒಳಪದರದಿಂದಲೋ ಬರುತ್ತಿತ್ತು. ಹಾಲು ಮಾರಿದ್ದು, ಚೀಟಿ ಎತ್ತಿದ್ದು, ಸಾಸಿವೆ ಡಬ್ಬಿಯದ್ದು. ಗಂಡನ ಜೇಬಿನಿಂದ ಬಂದದ್ದು ಕಡಿಮೆ. ಚಿಕ್ಕದನ್ನೇ ಹೆಂಗಸರು ಯಾಕೆ ಆರಿಸಿಕೊಳ್ಳುತ್ತಾರೆ ಅಂತ ಕೇಳಿದರೆ ನಾನು ಕಂಡ ಮೊದಲ ಕಾರಣ ಇದು. ಸೂಜಿಯ ಭಯವಲ್ಲ, ಹೆತ್ತವಳಿಗೆ ಸೂಜಿ ಯಾವ ಲೆಕ್ಕ! ದೊಡ್ಡ ಆಪರೇಷನ್ ಅಂದರೆ ಗಂಡನ ಸಹಿ, ಅತ್ತೆಯ ಅನುಮತಿ, ಮೂರು ದಿನ ಮಲಗುವುದು, ಮನೆಯಲ್ಲಿ ಬೇಯಿಸುವವರು ಯಾರು ಅನ್ನುವ ಪ್ರಶ್ನೆ. ಚಿಕ್ಕದಾದರೆ ಬೆಳಗಿನ ತಿಂಡಿ ಮುಗಿಸಿ ಬಸ್ಸು ಹತ್ತಿ, ಸಂಜೆಯ ಒಲೆ ಹೊತ್ತಿಸುವ ಹೊತ್ತಿಗೆ ವಾಪಸ್. ಎರಡು ಅಡುಗೆಯ ನಡುವೆ ಹಿಡಿಸಬೇಕು ಅದು. ಕಿವಿಗೆ ಅಂಟಿಸಿದ ಪಟ್ಟಿ ನೋಡಿ ಯಾರಾದರೂ ಕೇಳಿದರೆ ಕುರು ಆಗಿತ್ತು ಅಂದರಾಯಿತು.

ಈ ಚಿಕ್ಕದರ ಆಸೆಯಲ್ಲೇ ಮೋಸವೂ ಇತ್ತು. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಕಿವಿ ತೂತು ಸೇರಿಸಿಕೊಡುತ್ತೇವೆ ಅಂತ ಬೋರ್ಡು ಹಾಕಿದವರು ಪೇಟೆಯಲ್ಲಿ ಹುಟ್ಟಿಕೊಂಡರು. ತೂತಿನ ಒಳಗೆ ಆಸಿಡ್ ಸವರಿ, ಸುಟ್ಟು, ಅಂಟಿಸಿ ಕಳಿಸುವುದು. ತೂತು ಸ್ವಲ್ಪ ಉದ್ದವಾಗಿದ್ದರೆ, ಬಲ್ಲವರ ಕೈಯಲ್ಲಿ, ಅದರಿಂದಲೂ ಗುಣ ಇದೆ. ಪೂರ್ತಿ ಸೀಳಿದ ಕಿವಿಗೂ ಅದನ್ನೇ ಸುರಿದು ಕಳಿಸಿದ್ದ ಒಬ್ಬ ಹುಡುಗಿ ನಮ್ಮಲ್ಲಿಗೆ ಬಂದಾಗ ಹಾಲೆಯ ಅರ್ಧವೇ ಕರಗಿ ಹೋಗಿತ್ತು. ಅಮ್ಮನ ಜೊತೆ ಬಂದಿದ್ದಳು, ಇಬ್ಬರೂ ಅಪ್ಪನಿಗೆ ಹೇಳಿರಲಿಲ್ಲ.

1990ರ ದಶಕ ಕಳೆಯುತ್ತಿದ್ದ ಹಾಗೆ ಇನ್ನೊಂದು ಸೂಜಿಯ ಲೆಕ್ಕ ತೀರಿಸುವವರು ಬರತೊಡಗಿದರು. ಹಚ್ಚೆಯವರು. ನಮ್ಮಜ್ಜಿಯ ಮೊಣಕೈ ತನಕ ಹಸಿರು ರಂಗೋಲಿ ಇತ್ತು, ಹುಬ್ಬಿನ ನಡುವೆ ಒಂದು ಬಟ್ಟು. ಕೊರವರ ಹೆಂಗಸು ಬುಟ್ಟಿ ಹೊತ್ತು ಬೀದಿಗೆ ಬಂದು, ಸೂಜಿಗಳನ್ನು ಒಟ್ಟಿಗೆ ಕಟ್ಟಿ, ದೀಪದ ಮಸಿ ಕಲಸಿದ್ದರಲ್ಲಿ ಅದ್ದಿ, ಹಾಡು ಹೇಳುತ್ತ ಚುಚ್ಚುತ್ತಿದ್ದಳಂತೆ. ನೋವು ಮರೆಯಲಿ ಅಂತ ಹಾಡು, ಮೇಲೆ ಅರಿಸಿನ. ಸತ್ತ ಮೇಲೆ ಒಡವೆಯೆಲ್ಲ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವುದು ಅಂತ ಅಜ್ಜಿ ಹೆಮ್ಮೆಯಿಂದ ಕೈ ತೋರಿಸುತ್ತಿದ್ದರು. ನಮ್ಮ ಓಟಿಗೆ ಬಂದದ್ದು ಮೊಮ್ಮಕ್ಕಳ ಕಾಲದವರು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಹಣೆಯ ಬಟ್ಟು ನೋಡಿ ಯಾವ ಹಳ್ಳಿ ಅಂತ ಕೇಳುತ್ತಾರೆ. ಲೇಸರಿನ ಒಂದೊಂದು ಹೊಡೆತವೂ ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟ ಹಾಗೆ ಚುರುಕ್ಕೆನ್ನುತ್ತದೆ. ಮಸಿಯ ಕಣ ಒಡೆದು ಚೂರಾಗಿ, ಆ ಚೂರನ್ನು ಮೈಯೇ ನಿಧಾನವಾಗಿ ತಿಂದು ಅರಗಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ಸಲಕ್ಕೆ ಹೋಗುವುದಿಲ್ಲ. ತಿಂಗಳು ಬಿಟ್ಟು ತಿಂಗಳು ಬರಬೇಕು. ಯಾರೂ ಹಾಡು ಹೇಳುತ್ತಿರಲಿಲ್ಲ. ಎಫ್ಎಂ ಇಟ್ಟಿರುತ್ತಿದ್ದೆ.

ಬೊಟಾಕ್ಸ್ ನಮ್ಮ ಫ್ರಿಜ್ಜಿಗೆ ಬಂದದ್ದು 2006ರ ಸುಮಾರಿಗೆ. 100 ಯೂನಿಟ್ಟಿನ ಪುಟ್ಟ ಸೀಸೆ; ನೋಡಿದರೆ ಒಳಗೆ ಏನೂ ಇಲ್ಲ ಅನ್ನಿಸಬೇಕು. ಅದರ ವಂಶಾವಳಿ ವಿಚಿತ್ರ. ಎರಡು ನೂರು ವರ್ಷದ ಹಿಂದೆ ಜರ್ಮನಿಯ ವ್ಯೂರ್ಟೆಂಬರ್ಗಿನಲ್ಲಿ ಕೆಟ್ಟ ಸಾಸೇಜು ತಿಂದು ಜನ ಕಣ್ಣು ಮುಚ್ಚಿ, ಉಸಿರು ಕಟ್ಟಿ ಸಾಯುತ್ತಿದ್ದರು. ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯ (ಕವಿಯೂ ಹೌದು) ಆ ವಿಷವನ್ನು ಬೆನ್ನುಹತ್ತಿ, ತನ್ನ ನಾಲಿಗೆಯ ಮೇಲೇ ಹಾಕಿಕೊಂಡು ನೋಡಿದ. ಮುಂದೊಂದು ದಿನ ಇದೇ ಔಷಧಿಯಾದೀತು ಅಂತಲೂ ಊಹಿಸಿದ. 1895ರಲ್ಲಿ ಬೆಲ್ಜಿಯಮ್ಮಿನ ಎಲೆಜೆಲ್ ಎಂಬ ಹಳ್ಳಿಯಲ್ಲಿ ಸಾವಿನ ಮನೆಗೆ ವಾದ್ಯ ನುಡಿಸಲು ಬಂದವರು ಹಂದಿಮಾಂಸ ತಿಂದು ಮಲಗಿದರು, ಮೂವರು ತೀರಿಕೊಂಡರು. ಆ ಮಾಂಸದಲ್ಲೇ ವಾನ್ ಎರ್ಮೆಂಗೆಮ್ ಎಂಬಾತ ಕ್ರಿಮಿಯನ್ನು ಹಿಡಿದ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಡಾಕ್ಟರ್ ಆಲನ್ ಸ್ಕಾಟ್ ಅದೇ ವಿಷವನ್ನು ಕಣದಲ್ಲಿ ಕಣದಷ್ಟು ಬಳಸಿ ಮೆಳ್ಳೆಗಣ್ಣು ಸರಿಮಾಡಿದರು. 1989ರಲ್ಲಿ ಅಮೆರಿಕದ ಸರ್ಕಾರ ಮೆಳ್ಳೆಗಣ್ಣಿಗೂ ರೆಪ್ಪೆ ಸೆಳೆತಕ್ಕೂ ಒಪ್ಪಿಗೆ ಕೊಟ್ಟಿತು.

ಇಷ್ಟೂ ಗಂಡಸರ ಕಥೆ. ತಿರುಗಿದ್ದು ಕೆನಡಾದ ವ್ಯಾಂಕೂವರಿನಲ್ಲಿ, 1987ರಲ್ಲಿ. ಜೀನ್ ಕ್ಯಾರುದರ್ಸ್ ಎಂಬ ಕಣ್ಣಿನ ಡಾಕ್ಟರ ಹತ್ತಿರ ರೆಪ್ಪೆ ಸೆಳೆತಕ್ಕೆ ಸೂಜಿ ಹಾಕಿಸಿಕೊಳ್ಳುತ್ತಿದ್ದ ಒಬ್ಬ ಹೆಂಗಸು ಒಂದು ದಿನ ಮುನಿಸಿಕೊಂಡಳು. ಈ ಸಲ ಹುಬ್ಬಿನ ನಡುವೆ ಯಾಕೆ ಹಾಕಲಿಲ್ಲ? ಅಲ್ಲಿ ಸೆಳೆತವೇ ಇಲ್ಲವಲ್ಲ ಅಂದರು ಡಾಕ್ಟರು. ಇಲ್ಲದಿರಬಹುದು, ಆದರೆ ಅಲ್ಲಿ ಹಾಕಿದಾಗಲೆಲ್ಲ ನನ್ನ ಮುಖಕ್ಕೆ ಚಿಂತೆಯೇ ಇಲ್ಲದ ಕಳೆ ಬರುತ್ತದೆ ಅಂದಳು ಅವಳು. ಜೀನರ ಗಂಡ ಅಲಸ್ಟೇರ್ ಚರ್ಮದ ಡಾಕ್ಟರು. ರಾತ್ರಿ ಊಟಕ್ಕೆ ಕೂತಾಗ ಮಾತು ಬಂತು. ಮರುದಿನ ಸೂಜಿಗೆ ಹಣೆ ಒಡ್ಡಿದ್ದು ಅವರ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್. ಇಬ್ಬರೂ 1992ರಲ್ಲಿ ಲೇಖನ ಬರೆದರು. 2002ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಹುಬ್ಬಿನ ನಡುವಿನ ಗೆರೆಗೆ ಒಪ್ಪಿಗೆ ಸಿಕ್ಕಿತು. ಹಾಗಾದರೆ ಕಂಡುಹಿಡಿದವರು ಯಾರು? ಬಿಲ್ಲು ಕಟ್ಟಲು ಬಂದು ಜಗಳ ತೆಗೆಯುವ ಹೆಂಗಸರನ್ನು ಮೂರು ದಶಕ ನೋಡಿದ ನನಗೆ ಅನುಮಾನವೇ ಇಲ್ಲ.

ನಮ್ಮಲ್ಲಿ ಮೊದಲು ಹಾಕಿಸಿಕೊಂಡವರಲ್ಲಿ ಒಬ್ಬರು ಬ್ಯಾಂಕಿನ ಮ್ಯಾನೇಜರ್. ಸಿನಿಮಾದವರಲ್ಲ, ಶ್ರೀಮಂತರ ಮನೆಯವರೂ ಅಲ್ಲ. ಊಟದ ವಿರಾಮದಲ್ಲಿ ಬಂದು, ಹದಿನೈದು ನಿಮಿಷದಲ್ಲಿ ಮುಗಿಸಿ, ಕೌಂಟರಿನ ಹಿಂದೆ ಹೋಗಿ ಕೂತರು. ಮೂರ್ನಾಲ್ಕು ದಿನಕ್ಕೆ ಹಿಡಿತ ಶುರು, ಮೂರ್ನಾಲ್ಕು ತಿಂಗಳಿಗೆ ಮತ್ತೆ ಮೊದಲಿನ ಹಾಗೆ. ಬೇಡವೆನಿಸಿದರೆ ಬಿಟ್ಟುಬಿಡಬಹುದು ಅನ್ನುವ ಈ ಧೈರ್ಯ ಕತ್ತರಿ ಕೊಡುವುದಿಲ್ಲ. "ಎಲ್ಲರೂ ಯಾಕೆ ಮೇಡಂ ಕೋಪ, ಯಾಕೆ ಮೇಡಂ ಕೋಪ ಅಂತಾರೆ. ನನಗೆ ಕೋಪ ಇಲ್ಲ, ನನ್ನ ಹುಬ್ಬಿಗಿದೆ" ಅಂದಿದ್ದರು ಮೊದಲ ದಿನ. ಜೊತೆಯ ಗಂಡು ಮ್ಯಾನೇಜರ ಹುಬ್ಬಿನ ಗಂಟು ಗಾಂಭೀರ್ಯವಾಗಿ ಕಾಣುತ್ತಿತ್ತು, ಇವರದ್ದು ಸಿಡುಕು. ಡಾಕ್ಟರು ಇದನ್ನು ಅಂದ ಅನ್ನುತ್ತಿದ್ದರು. ನನಗೆ ಅದು ನೌಕರಿಯ ಖರ್ಚಿನ ಹಾಗೆ ಕಂಡಿತು, ಇಸ್ತ್ರಿಯ ಸೀರೆಯ ಹಾಗೆ.

ಇವನ್ನೆಲ್ಲ ನಾನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಸೂಜಿ ಚಿಕ್ಕದಿದ್ದ ಮಾತ್ರಕ್ಕೆ ಒಳಗೆ ಹೋಗುವುದು ಚಿಕ್ಕದಲ್ಲ. 1899ರಲ್ಲಿ ವಿಯೆನ್ನಾದ ಗೆರ್ಸುನಿ ಎಂಬ ಸರ್ಜನ್ ಪ್ಯಾರಾಫಿನ್ನನ್ನು ಚರ್ಮದಡಿ ತುಂಬುವುದನ್ನು ತೋರಿಸಿಕೊಟ್ಟ ಮೇಲೆ ಯುರೋಪಿನಲ್ಲಿ ಎಷ್ಟೋ ಹೆಂಗಸರು ಮೂಗು ಕೆನ್ನೆಗೆ ಮೇಣ ತುಂಬಿಸಿಕೊಂಡರು. ಕೆಲವೇ ವರ್ಷಕ್ಕೆ ಅದು ಜಾರಿತು, ಗಂಟು ಕಟ್ಟಿತು, ಕೀವಾಯಿತು. ಮುಂದೆ ಮಾರ್ಲ್‌ಬರೋದ ಡಚೆಸ್ ಆದ ಗ್ಲಾಡಿಸ್ ಡೀಕನ್ ಎಂಬ ಹೆಸರಾಂತ ಚೆಲುವೆಯ ಮೂಗಿನ ಮೇಣ ಕೆಳಗಿಳಿದು ಮುಖವೇ ಕೆಟ್ಟಿತು. ಈಗಿನ ಫಿಲ್ಲರುಗಳದ್ದು ಬೇರೆ ಸಾಮಾನು, ಹಯಲುರೋನಿಕ್ ಆಸಿಡ್. ಮೊದಲು ಹಸುವಿನ ಕಣ್ಣಿನಲ್ಲಿ 1934ರಲ್ಲಿ ಸಿಕ್ಕಿತು, ಆಮೇಲೆ ಹುಂಜದ ಜುಟ್ಟಿನಿಂದ ತೆಗೆದರು, ಈಗ ಬ್ಯಾಕ್ಟೀರಿಯಾದಿಂದ ಬೆಳೆಸುತ್ತಾರೆ. ನಾನು ಕೆಲಸ ಬಿಡುವ ಹೊತ್ತಿಗೆ ಅದನ್ನೂ ಕಿವಿಗೆ ತಂದಿದ್ದರು. ವಯಸ್ಸಿಗೆ ಸೊರಗಿ ಕಾಗದದಂತಾದ ಹಾಲೆಗೆ ಎರಡು ಹನಿ ತುಂಬಿದರೆ ಓಲೆ ಜೋತು ಬೀಳದೆ ನೆಟ್ಟಗೆ ಕೂರುತ್ತದೆ. ಅಪ್ಪ ಇದನ್ನು ನೋಡಿದ್ದರೆ, ತಿರುಪಿನ ಹಿಂದೆ ಒಂದು ಬಿಲ್ಲೆ ಹಾಕಿದ್ದರೆ ಆಗುತ್ತಿತ್ತಲ್ಲ ಅನ್ನುತ್ತಿದ್ದರು.

ಅಪ್ಪ 2003ರಲ್ಲಿ ಹೋದರು. ಹನ್ನೊಂದನೆಯ ದಿನ ಅಮ್ಮನ ಓಲೆ ಬಿಚ್ಚಿದವರು ನಮ್ಮ ದೊಡ್ಡತ್ತೆ. ಬೇಡ ಅಂತ ನಾನೂ ತಮ್ಮನೂ ಕೂಗಾಡಿದೆವು. ಅಮ್ಮನೇ, ಸುಮ್ಮನಿರಿ, ಜನ ಸೇರಿದ್ದಾರೆ ಅಂದಳು. ಎಡಗಿವಿ ಆಗಲೇ ಹರಿದಿತ್ತು, ಬಲಗಿವಿ ಒಂದೆಳೆಯ ಮೇಲಿತ್ತು. ಮೂರು ವರ್ಷ ಅಮ್ಮ ಕಿವಿಯ ಮಾತೇ ಎತ್ತಲಿಲ್ಲ. ನನ್ನ ಮನೆಯಲ್ಲಿದ್ದಾಗ ಒಂದು ಬೆಳಿಗ್ಗೆ ತಲೆ ಬಾಚಿಕೊಡುತ್ತ ನೋಡಿದರೆ ಬಲಗಿವಿಯ ತೂತಿನಲ್ಲಿ ಬೇವಿನ ಕಡ್ಡಿ. ಮುಚ್ಚಿ ಹೋಗದಿರಲಿ ಅಂತ. ಎಷ್ಟು ದಿನದಿಂದ ಇಟ್ಟುಕೊಂಡಿದ್ದೀಯ ಅಂದರೆ, "ನೀನು ಕೂದಲು ಎಳೀಬೇಡ" ಅಂದಳು.

ಡಾಕ್ಟರಿಗೆ ಹೇಳಿ ಒಂದು ಬುಧವಾರ ಅಮ್ಮನನ್ನು ಕರೆದೊಯ್ದೆ. ಅಮ್ಮನಿಗೆ ಅರವತ್ತೆಂಟು. ಎರಡೂ ಕಿವಿ ಒಂದೇ ದಿನ. ಮುಖದ ಮೇಲೆ ಬಟ್ಟೆ ಹಾಸಿದ ಮೇಲೆ ಎಲ್ಲರ ಹಾಗೆ ಏನಾದರೂ ಹೇಳುತ್ತಾಳೆ ಅಂತ ಕಾದೆ. ಉಹುಂ. ಡಾಕ್ಟರೇ, ಅಮ್ಮ, ಓಲೆ ಹಾಕ್ಕೋತೀರಾ ಅಂತ ಕೇಳಿದರು. "ನೀವು ಹೊಲೀರಿ" ಅಂದಳು ಬಟ್ಟೆಯ ಒಳಗಿನಿಂದ. ರಿಜಿಸ್ಟರಿನಲ್ಲಿ ಅಮ್ಮನ ಹೆಸರಿನ ಮುಂದೆ ಕಿವಿ ಹರಿದಿದೆ ಅಂತ ಬರೆದೆ.

ಮೂರು ತಿಂಗಳಾದ ಮೇಲೆ ಮತ್ತೆ ಚುಚ್ಚುವ ದಿನ ಬಂತು. ಕಿವಿ ಚುಚ್ಚುವ ಗನ್ನು ಬೇಡವೆಂದಳು. ಪೆಟ್ಟಿಗೆಯ ತಳದಿಂದ ಅಪ್ಪನ ಹಿತ್ತಾಳೆ ಡಬ್ಬಿ ತೆಗೆದಳು. ಗುಲಗಂಜಿಯ ನಡುವೆ ಸುರುಳಿ ಸುತ್ತಿದ ಒಂದು ಗೇಣು ಅಪರಂಜಿ ತಂತಿ ಇತ್ತು. ಕುದಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಕಿಟಕಿಯ ಬಿಸಿಲಿಗೆ ಅಮ್ಮನ ಹಾಲೆ ಹಿಡಿದೆ. ಹೊಲಿದ ಗೆರೆ ಬೆಳ್ಳಗೆ, ಅದರ ಪಕ್ಕ ಕೆಂಪು. ತಂತಿ ಒಳಗೆ ಹೋಗುವಾಗ ಅಮ್ಮ ಉಸಿರು ಬಿಗಿಹಿಡಿದಳು, ಬಿಟ್ಟಳು. ಎರಡು ಸಣ್ಣ ಉಂಗುರ, ಕಂಡೂ ಕಾಣದಷ್ಟು. ಕನ್ನಡಿ ಕೊಟ್ಟರೆ ಎಡಕ್ಕೆ ಬಲಕ್ಕೆ ತಿರುಗಿ ನೋಡಿ, ಕಿವಿಯ ಮೇಲೆ ಕೂದಲು ಎಳೆದುಕೊಂಡಳು. ಆಮೇಲೆ ನನ್ನ ಕೈ ಹಿಡಿದು, ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ, ದನಿ ತಗ್ಗಿಸಿ ಹೇಳಿದಳು:

"ನಿಮ್ಮ ದೊಡ್ಡತ್ತೆ ಕೇಳಿದರೆ, ಡಾಕ್ಟರು ಹಾಕಿಸಿದ್ದು ಅನ್ನು. ಕಿವಿ ನೋವಿಗೆ."